ಬಾಗಿಲು ತೆರೆಯುವ ಹೊತ್ತು



ಜಲಪ್ರಳಯದ ಕಥೆಯನ್ನು ನಾವೆಲ್ಲರೂ ಚಿಕ್ಕಂದಿನಲ್ಲಿ ಜ್ಞಾನೋಪದೇಶದ ತರಗತಿಯಲ್ಲಿ ಕೇಳಿದ್ದೇವೆ. ನಲವತ್ತು ಹಗಲು, ನಲವತ್ತು ಇರುಳು ಮಳೆ ಸುರಿದದ್ದು ಎಲ್ಲರಿಗೂ ನೆನಪಿದೆ. ಆದರೆ ಮಳೆ ನಿಂತ ಮೇಲೆ ನೋಹನು ಎಷ್ಟು ದಿನ ನಾವೆಯೊಳಗೇ ಇದ್ದ ಎಂಬುದು ಹೆಚ್ಚಿನವರಿಗೆ ನೆನಪಿರುವುದಿಲ್ಲ. ಆದಿಕಾಂಡದ ಎಂಟನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ತಿಳಿಯುತ್ತದೆ. ಬೆಟ್ಟಗಳ ತುದಿ ಕಂಡ ಮೇಲೂ ಅವನು ನಲವತ್ತು ದಿನ ಕಾದ. ಪಾರಿವಾಳವನ್ನು ಬಿಟ್ಟ, ಅದು ಕಾಲೂರಲು ನೆಲ ಕಾಣದೆ ಹಿಂದಿರುಗಿತು. ಏಳು ದಿನ ಬಿಟ್ಟು ಮತ್ತೆ ಕಳುಹಿಸಿದಾಗ ಓಲಿವ್ ಎಲೆಯನ್ನು ಕಚ್ಚಿಕೊಂಡು ಬಂತು. ನಮ್ಮಂಥವರಾಗಿದ್ದರೆ ಆ ಎಲೆಯನ್ನು ಕಂಡ ಕೂಡಲೇ ಗಂಟುಮೂಟೆ ಕಟ್ಟುತ್ತಿದ್ದೆವು. ನೋಹನು ಇನ್ನೂ ಏಳು ದಿನ ಕಾದ. ಮೇಲಿನ ಮುಚ್ಚಳವನ್ನು ತೆಗೆದು, ನೆಲ ಆರುತ್ತಿರುವುದನ್ನು ಕಣ್ಣಾರೆ ನೋಡಿದ ಮೇಲೂ ಹೆಚ್ಚುಕಡಿಮೆ ಎರಡು ತಿಂಗಳು ಹೊರಗೆ ಕಾಲಿಡಲಿಲ್ಲ.

ಈ ಭಾಗವನ್ನು ಓದುವಾಗ ನಮಗೆ ನಮ್ಮ ಕೋಲಾರ ಸೀಮೆಯ 2020ರ ಬೇಸಿಗೆ ನೆನಪಾಗುತ್ತದೆ. ಆ ವರ್ಷ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಹಾಕಿತು. ಪಕ್ಕದ ಬೆಂಗಳೂರಿನಲ್ಲಿ ರೋಗವಿತ್ತು, ಗಡಿಯಾಚೆ ಚಿತ್ತೂರು ಜಿಲ್ಲೆಯಲ್ಲಿ ಇತ್ತು, ಚೆನ್ನೈಯಲ್ಲಿ ದಿನೇದಿನೇ ಹೆಚ್ಚುತ್ತಿತ್ತು. ನಡುವೆ ಕೋಲಾರ ಜಿಲ್ಲೆಯಲ್ಲಿ ಮಾತ್ರ ಒಬ್ಬರಲ್ಲೂ ಸೋಂಕು ಕಾಣಿಸಿರಲಿಲ್ಲ. ಮೇ ತಿಂಗಳ ಆರಂಭದಲ್ಲಿ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದಾಗ ಕರ್ನಾಟಕದ 14 ಜಿಲ್ಲೆಗಳಿಗೆ ಹಸಿರು ಬಣ್ಣ ಬಂತು. ಅವುಗಳಲ್ಲಿ ಕೋಲಾರವೂ ಒಂದು.

ಹಸಿರು ಎಂದ ಕೂಡಲೇ ಜನರ ಮನಸ್ಸು ಸಡಿಲವಾಯಿತು. ನಮ್ಮ ಕಡೆಯ ಗಾಳಿ ಒಳ್ಳೆಯದು, ನಮ್ಮ ರಾಗಿ ಮುದ್ದೆ ಗಟ್ಟಿ, ಕೊಳವೆಬಾವಿಯ ನೀರು ಕುಡಿದು ಬದುಕಿದವರಿಗೆ ಈ ಕಾಯಿಲೆ ಏನು ಮಾಡೀತು ಎಂಬ ಮಾತುಗಳು ಜಗಲಿಕಟ್ಟೆಗಳ ಮೇಲೆ ಧಾರಾಳವಾಗಿದ್ದವು. ರೋಗ ನಮ್ಮಲ್ಲಿಗೆ ಇನ್ನೂ ಬಂದಿಲ್ಲ ಎಂಬುದು ಒಂದು ಮಾತು. ರೋಗ ನಮ್ಮನ್ನು ಬಿಟ್ಟು ಹೋಗಿದೆ ಎಂಬುದು ಬೇರೆಯೇ ಮಾತು. ಆ ಹಸಿರು ಬಣ್ಣ ಹೇಳಿದ್ದು ಮೊದಲನೆಯದನ್ನು, ನಾವು ಕೇಳಿಸಿಕೊಂಡದ್ದು ಎರಡನೆಯದನ್ನು.

ಮೇ 4ರಂದು ರಾಜ್ಯದಲ್ಲಿ ಮದ್ಯದಂಗಡಿಗಳು ತೆರೆದವು. ಬೆಳಗಿನಿಂದಲೇ ಸಾಲುಗಳು ನಿಂತವು. ಒಂದೇ ದಿನಕ್ಕೆ 45 ಕೋಟಿ ರೂಪಾಯಿಯ ವ್ಯಾಪಾರವಾಯಿತೆಂದು ಪತ್ರಿಕೆಗಳು ಬರೆದವು. ಅದೇ ವಾರ ಚೆನ್ನೈಯ ಕೋಯಂಬೇಡು ಮಾರುಕಟ್ಟೆಯನ್ನು ಮುಚ್ಚಿದರು, ಏಕೆಂದರೆ ಅಲ್ಲಿಂದ ಸೋಂಕು ತಮಿಳುನಾಡಿನ ಹಲವು ಜಿಲ್ಲೆಗಳಿಗೆ ಹರಡಿತ್ತು. ಕೋಲಾರದವರಿಗೆ ಕೋಯಂಬೇಡು ದೂರದ ಹೆಸರಲ್ಲ. ನಮ್ಮ ಟೊಮೆಟೊ, ನಮ್ಮ ತರಕಾರಿ ಹೋಗುವುದೇ ಅಂಥ ಊರುಗಳಿಗೆ. ಕೋಲಾರದ ಎ.ಪಿ.ಎಂ.ಸಿ. ಅಂಗಳ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯಲ್ಲೂ ದೊಡ್ಡ ಮಂಡಿ ಇದೆ. ಬೆಂಗಳೂರು–ಚೆನ್ನೈ ಹೆದ್ದಾರಿ ಮುಳಬಾಗಿಲನ್ನು ಹಾದು ನಂಗಲಿಯ ಬಳಿ ಆಂಧ್ರಕ್ಕೆ ದಾಟುತ್ತದೆ. ಲಾಕ್‌ಡೌನ್ ದಿನಗಳಲ್ಲೂ ಆಹಾರದ ಲಾರಿಗಳನ್ನು ತಡೆಯುವಂತಿರಲಿಲ್ಲ, ತಡೆಯಲೂಬಾರದಿತ್ತು.

ಮೇ ಎರಡನೆಯ ವಾರ ಜಿಲ್ಲೆಯ ಮೊದಲ ಸೋಂಕುಗಳು ವರದಿಯಾದವು. ಕಾಣಿಸಿದ್ದು ಮುಳಬಾಗಿಲು ತಾಲ್ಲೂಕಿನಲ್ಲಿ, ಹೊರ ರಾಜ್ಯಗಳಿಗೆ ಹೋಗಿ ಬಂದವರಲ್ಲಿ. ಹಸಿರು ಬಣ್ಣ ಎರಡು ವಾರವೂ ಉಳಿಯಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ರೋಗ ತಂದರು ಎಂದು ಹೋಗಿ ಬಂದವರನ್ನು ದೂರಿದ್ದು ಅನ್ಯಾಯ. ಅವರು ಲಾರಿ ಓಡಿಸದೇ ಇದ್ದಿದ್ದರೆ, ದುಡಿಯಲು ಹೋಗದೇ ಇದ್ದಿದ್ದರೆ ಬಾಗಿಲು ಹಾಕಿಕೊಂಡು ಕುಳಿತವರ ತಟ್ಟೆಗೆ ಸಾರು ಬರುತ್ತಿರಲಿಲ್ಲ. ಬಾಗಿಲು ಮುಚ್ಚಿದ ಎರಡು ತಿಂಗಳ ಭಾರವನ್ನು ಎಲ್ಲರೂ ಸಮನಾಗಿ ಹೊರಲೂ ಇಲ್ಲ. ಟೊಮೆಟೊ ಬೆಳೆದವರು ಕೊಯ್ದ ಕೂಲಿಯೂ ಹುಟ್ಟದೆ ಹಣ್ಣನ್ನು ಹೊಲದಲ್ಲೇ, ರಸ್ತೆ ಬದಿಯಲ್ಲೇ ಸುರಿದರು. ಶ್ರೀನಿವಾಸಪುರದಲ್ಲಿ ಮಾವು ಕಾಯಿ ಬಲಿಯುತ್ತಿತ್ತು, ಕೊಳ್ಳುವವರು ಬರುವರೋ ಇಲ್ಲವೋ ಎಂದು ತೋಟದವರು ಲೆಕ್ಕ ಹಾಕುತ್ತಿದ್ದರು. ಮಾಲೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದವರಿಗೆ ರೈಲೇ ಇರಲಿಲ್ಲ. ತಿಂಗಳ ಸಂಬಳ ಬ್ಯಾಂಕಿಗೆ ಬೀಳುತ್ತಿದ್ದವರು ಇನ್ನೂ ಒಂದು ತಿಂಗಳು ಮುಚ್ಚಿರಲಿ ಎಂದು ಸುಲಭವಾಗಿ ಹೇಳಬಹುದಿತ್ತು. ದಿನಗೂಲಿಯವರು ಹಾಗೆ ಹೇಳುವಂತಿರಲಿಲ್ಲ. ಆದ್ದರಿಂದ ತೆರೆಯಬೇಕೋ ಬೇಡವೋ ಎಂದು ಕೇಳುವುದಕ್ಕಿಂತ ಯಾರಿಗೆ ಮೊದಲು ತೆರೆಯಬೇಕು, ಯಾರು ಇನ್ನೂ ಕಾಯಬಲ್ಲರು ಎಂದು ಕೇಳಬೇಕಿತ್ತು. ಕಾಯಲು ಶಕ್ತರಾದವರು ಕಾದಿದ್ದರೆ, ಕಾಯಲಾಗದವರಿಗೆ ಹೊರಗೆ ಹೋಗಲು ಅಷ್ಟು ಜಾಗ ಸಿಗುತ್ತಿತ್ತು.

ನಮ್ಮ ದೇವಾಲಯಗಳ ವಿಷಯಕ್ಕೂ ಇದು ಅನ್ವಯಿಸುತ್ತದೆ. ಏಪ್ರಿಲ್ 12ರ ಪಾಸ್ಖ ಹಬ್ಬವನ್ನು ಆ ವರ್ಷ ನಾವು ಮನೆಗಳಲ್ಲೇ ಆಚರಿಸಿದೆವು; ಗುರುಗಳು ಖಾಲಿ ಪೀಠಗಳ ಮುಂದೆ ಬಲಿಪೂಜೆ ಅರ್ಪಿಸಿದರು. ಮದ್ಯದಂಗಡಿ ತೆರೆದಾಗ ಎಷ್ಟೋ ಮಂದಿ ವಿಶ್ವಾಸಿಗಳು ಬೇಸರದಿಂದ ಕೇಳಿದರು: ಹೆಂಡಕ್ಕೆ ಇರುವ ಅನುಮತಿ ದೇವರ ಪೂಜೆಗೆ ಇಲ್ಲವೇ? ಪ್ರಶ್ನೆಯ ಹಿಂದಿನ ನೋವು ನಮಗೆ ಅರ್ಥವಾಗುತ್ತದೆ. ಆದರೂ ಅದು ಸರಿಯಾದ ವಾದವಲ್ಲ ಎಂಬುದು ನಮ್ಮ ಅಭಿಪ್ರಾಯ. ಒಂದು ಕಡೆ ಗುಂಪು ಸೇರಿದ್ದು ತಪ್ಪಾದರೆ, ಇನ್ನೊಂದು ಕಡೆ ಸೇರಿದರೆ ಅದು ಸರಿಯಾಗುವುದಿಲ್ಲ. ಪೂಜಾಸ್ಥಳಗಳನ್ನು ತೆರೆಯಲು ಜೂನ್ 8ರಿಂದ ಅನುಮತಿ ದೊರೆಯಿತು.

ನಮ್ಮ ಸೀಮೆಗೆ ಈ ಪಾಠ ಹೊಸದಾಗಿರಲಿಲ್ಲ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂತೆಂದು ದಾಖಲೆ. ಮೈಸೂರು ಸರ್ಕಾರ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರರನ್ನಾಗಿ ನೇಮಿಸಿತು. ರೈಲು ನಿಲ್ದಾಣಗಳಲ್ಲಿ ತಪಾಸಣೆ, ಊರ ಹೊರಗೆ ಶಿಬಿರ, ಮನೆ ಮನೆಯ ಶೋಧನೆ ನಡೆದವು. ಜನ ಸಿಟ್ಟಿಗೆದ್ದರು; ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಗಲಭೆಯೇ ಆಯಿತು. ಕೊನೆಗೆ ಸರ್ಕಾರಗಳು ಬಲವಂತವನ್ನು ಸಡಿಲಿಸಿದವು. ಬಲವಂತದಿಂದ ರೋಗವನ್ನು ಬಚ್ಚಿಡುವವರು ಹೆಚ್ಚಾದರು ಎಂಬುದು ಆಗಲೇ ತಿಳಿದುಬಂದಿತ್ತು.

ಹಳ್ಳಿಯವರು ಮಾತ್ರ ತಮ್ಮದೇ ಒಂದು ಕ್ರಮವನ್ನು ಕಂಡುಕೊಂಡರು. ಮನೆಯಲ್ಲಿ ಇಲಿ ಬಿದ್ದರೆ ಊರೇ ಖಾಲಿಯಾಗುತ್ತಿತ್ತು. ಹೊಲಗಳಲ್ಲಿ, ತೋಪುಗಳಲ್ಲಿ ಗುಡಿಸಲು ಹಾಕಿಕೊಂಡು ವಾರಗಟ್ಟಲೆ ಇರುತ್ತಿದ್ದರು. ಹೋಗುವುದು ಸುಲಭ, ಹಿಂದಿರುಗುವುದು ಯಾವಾಗ ಎಂಬುದೇ ಕಷ್ಟದ ತೀರ್ಮಾನ. ಚಳಿಯಲ್ಲಿ ಮಕ್ಕಳು ನಡುಗುತ್ತಾರೆ, ಬಿಟ್ಟು ಬಂದ ಮನೆಗೆ ಕಳ್ಳರ ಭಯ, ಕಣಜದ ರಾಗಿಯ ಚಿಂತೆ. ಮನೆಗಳ ಹಂಚು ತೆಗೆದು ಬಿಸಿಲು ಒಳಗೆ ಬೀಳುವಂತೆ ಮಾಡಿ, ಸುಣ್ಣ ಬಳಿದು, ಆಮೇಲೆ ಒಳಹೊಕ್ಕವರಿದ್ದರು. ಅವಸರಪಟ್ಟು ಬಂದವರೂ ಇದ್ದರು. ಪ್ಲೇಗು ಒಂದೇ ವರ್ಷಕ್ಕೆ ಹೋಗಲಿಲ್ಲ. ಚಳಿಗಾಲ ಬಂದಂತೆಲ್ಲ ವರ್ಷಗಳ ಕಾಲ ಮರಳಿ ಬಂತು. ಬೆಂಗಳೂರು ಸುತ್ತಿನಲ್ಲಿ ಇಂದಿಗೂ ಇರುವ ಪ್ಲೇಗಮ್ಮನ ಗುಡಿಗಳು ಆ ಭಯದ ಗುರುತುಗಳು. ನಮ್ಮವರು ಸಂತ ಸೆಬಾಸ್ಟಿಯನ್ನರನ್ನು, ಸಂತ ರೋಖರನ್ನು ಮೊರೆಹೊಕ್ಕರು.

ಸಂತರ ಮಾತು ಬಂದದ್ದರಿಂದ ಮಿಲಾನ್ ನಗರದ ಎರಡು ಪ್ರಸಂಗಗಳನ್ನು ಹೇಳಲೇಬೇಕು. 1576ರಲ್ಲಿ ಅಲ್ಲಿ ಪ್ಲೇಗು ಬಂದಾಗ ಮಹಾಧರ್ಮಾಧ್ಯಕ್ಷರಾಗಿದ್ದವರು ಸಂತ ಚಾರ್ಲ್ಸ್ ಬೊರೊಮಿಯೊ. ರಾಜ್ಯಪಾಲರು ನಗರ ಬಿಟ್ಟು ಹೋದರು, ಇವರು ಉಳಿದರು. ಕೊರಳಿಗೆ ಹಗ್ಗ ಹಾಕಿಕೊಂಡು ಬರಿಗಾಲಲ್ಲಿ ಪ್ರಾಯಶ್ಚಿತ್ತದ ಮೆರವಣಿಗೆ ನಡೆಸಿದವರೂ ಇವರೇ. ಜನ ಮನೆಯಿಂದ ಹೊರಬರಬಾರದೆಂಬ ಆಜ್ಞೆಯಾದಾಗ ಅದನ್ನು ವಿರೋಧಿಸಲಿಲ್ಲ. ಬೀದಿಗಳು ಕೂಡುವಲ್ಲಿ ಬಲಿಪೀಠಗಳನ್ನು ಇರಿಸಿ, ಜನ ಕಿಟಕಿಗಳಿಂದಲೇ ಪೂಜೆಯಲ್ಲಿ ಪಾಲ್ಗೊಳ್ಳುವಂತೆ ಮಾಡಿದರು.

ಐವತ್ತನಾಲ್ಕು ವರ್ಷಗಳ ನಂತರ, 1630ರಲ್ಲಿ, ಅದೇ ನಗರಕ್ಕೆ ಪ್ಲೇಗು ಮತ್ತೆ ಬಂತು. ಕಾರ್ನಿವಲ್ ಸಡಗರಕ್ಕಾಗಿ ಅಧಿಕಾರಿಗಳು ನಿರ್ಬಂಧಗಳನ್ನು ಸಡಿಲಿಸಿದರು, ರೋಗ ಉಲ್ಬಣಿಸಿತು. ಆಗ ಜನರು ಸಂತ ಚಾರ್ಲ್ಸರ ಪಾರ್ಥಿವ ಶರೀರವನ್ನು ಮೆರವಣಿಗೆಯಲ್ಲಿ ಒಯ್ಯಬೇಕೆಂದು ಹಟ ಹಿಡಿದರು. ಅಂದಿನ ಮಹಾಧರ್ಮಾಧ್ಯಕ್ಷರು ಫೆದೆರಿಗೊ ಬೊರೊಮಿಯೊ, ಸಂತರ ಸೋದರಸಂಬಂಧಿ. ಮೊದಲು ಒಪ್ಪಲಿಲ್ಲ. ಒತ್ತಡ ಹೆಚ್ಚಿದಾಗ ಮಣಿದರು. ಜೂನ್ 11ರಂದು ಇಡೀ ನಗರ ಬೀದಿಗಿಳಿಯಿತು. ಮುಂದಿನ ದಿನಗಳಲ್ಲಿ ಸಾವು ಏರಿತು. ಜನರು ಮೆರವಣಿಗೆಯನ್ನು ದೂರಲಿಲ್ಲ. ಯಾರೋ ಗೋಡೆಗಳಿಗೆ ವಿಷ ಬಳಿದರೆಂದು ನಿರಪರಾಧಿಗಳನ್ನು ಹಿಡಿದು ಕೊಂದರು. ಆ ವರ್ಷದ ಪ್ಲೇಗಿನಲ್ಲಿ ನಗರದ ಸುಮಾರು ಅರ್ಧ ಜನ ಸತ್ತರು. ಇದನ್ನೆಲ್ಲ ಅಲೆಸ್ಸಾಂದ್ರೊ ಮಂಜೋನಿ ತಮ್ಮ ಪ್ರಸಿದ್ಧ ಕಾದಂಬರಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ; ಅವರೂ ನಮ್ಮ ಧರ್ಮಸಭೆಯವರೇ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 1918ರ ಇನ್‌ಫ್ಲುಯೆನ್ಜಾ ಕಾಲದಲ್ಲೂ ಹೀಗೇ. ನವೆಂಬರ್ 21ರಂದು ಜನ ಮುಖಗವಸನ್ನು ಬೀದಿಯಲ್ಲೇ ಕಿತ್ತೆಸೆದರು. ಜನವರಿಯಲ್ಲಿ ಮತ್ತೆ ಕಟ್ಟಿಕೊಳ್ಳಬೇಕಾಯಿತು.

ಇಷ್ಟೆಲ್ಲ ಉದಾಹರಣೆಗಳಿದ್ದೂ 2021ರ ಆರಂಭದಲ್ಲಿ ನಾವು ಅದೇ ದಾರಿಯಲ್ಲಿ ನಡೆದೆವು. ಫೆಬ್ರವರಿಯಲ್ಲಿ ಪ್ರಕರಣಗಳು ಇಳಿದಿದ್ದವು. ಮದುವೆ ಮಂಟಪಗಳು ತುಂಬಿದವು, ಜಾತ್ರೆಗಳು ಕೂಡಿದವು, ಏಪ್ರಿಲ್‌ನಲ್ಲಿ ಉಪಚುನಾವಣೆಯ ಸಭೆಗಳು ನಡೆದವು. ಸಾಂಕ್ರಾಮಿಕ ಕೊನೆಯ ಘಟ್ಟದಲ್ಲಿದೆ ಎಂದು ಮಾರ್ಚ್‌ನಲ್ಲಿ ಕೇಂದ್ರದ ಅಂದಿನ ಆರೋಗ್ಯ ಸಚಿವರೇ ಹೇಳಿದ್ದರು. ಅದು ನಮ್ಮ ಓಲಿವ್ ಎಲೆ. ಏಪ್ರಿಲ್ 27ರಂದು ರಾಜ್ಯ ಮತ್ತೆ ಬಾಗಿಲು ಹಾಕಿತು; ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಹೊಸ ಸೋಂಕುಗಳು ದಾಖಲಾದವು. ಅದಕ್ಕೆ ಕೆಲವೇ ದಿನ ಮುಂಚೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ, ಆಮ್ಲಜನಕದ ಕೊರತೆಯ ನಡುವೆ, ಒಂದು ದಿನದೊಳಗೆ 24 ರೋಗಿಗಳು ಮೃತಪಟ್ಟಿದ್ದರು. ಬೆಂಗಳೂರಿನಿಂದ ಊರಿಗೆ ಓಡಿಬಂದವರ ಜೊತೆ ಸೋಂಕು ಈ ಸಲ ಹಳ್ಳಿಗಳಿಗೂ ನುಗ್ಗಿತು. ನಮ್ಮ ಧರ್ಮಕೇಂದ್ರಗಳಲ್ಲಿ ಆ ಎರಡು ತಿಂಗಳಲ್ಲಿ ತಂದೆತಾಯಿಯನ್ನು, ಗಂಡನನ್ನು, ಹೆಂಡತಿಯನ್ನು ಕಳೆದುಕೊಂಡ ಕುಟುಂಬಗಳಿವೆ. ಎಷ್ಟೋ ಮಂದಿಗೆ ಕೊನೆಯ ಅಭ್ಯಂಗ ದೊರೆಯಲಿಲ್ಲ, ಶವಪೆಟ್ಟಿಗೆಗೆ ಹೆಗಲು ಕೊಡಲು ನೆಂಟರಿರಲಿಲ್ಲ.

ಆ ವರ್ಷ ಜೂನ್ 14ರಿಂದ 19 ಜಿಲ್ಲೆಗಳಿಗೆ ಹಂತಹಂತವಾಗಿ ಸಡಿಲಿಕೆ ಸಿಕ್ಕಿತು, 11 ಜಿಲ್ಲೆಗಳಿಗೆ ತಡವಾಗಿ. ಸೆಪ್ಟೆಂಬರ್ 8ರ ಮಾತೆ ಮರಿಯಳ ಜನ್ಮೋತ್ಸವಕ್ಕೆ ವೇಳಾಂಗಣ್ಣಿಗೆ ಹೋಗುವ ನಮ್ಮ ಕಡೆಯ ಯಾತ್ರಿಕರು 2020ರಂತೆ 2021ರಲ್ಲೂ ಮನೆಯಲ್ಲೇ ಉಳಿದರು. ಅಲ್ಲಿ ಭಕ್ತರ ಗುಂಪಿಲ್ಲದೆಯೇ ಹಬ್ಬ ನಡೆಯಿತು. ಗೊಣಗಿದವರಿದ್ದರು. ಕಾಯಲು ಶಕ್ತರಾದವರು ಕಾದರು ಎಂಬುದಕ್ಕೆ ನಮಗೆ ಸಿಗುವ ಒಳ್ಳೆಯ ಉದಾಹರಣೆ ಇದೇ.

ಹಾಗೆಂದು ಎಲ್ಲ ಸಡಿಲಿಕೆಯೂ ತಪ್ಪು ಎನ್ನಲಾಗದು. 2022ರ ಜನವರಿಯಲ್ಲಿ ಓಮಿಕ್ರಾನ್ ಬಂದಾಗ ಸರ್ಕಾರ ವಾರಾಂತ್ಯದ ಕರ್ಫ್ಯೂ ಹಾಕಿ, ಸೋಂಕು ಇನ್ನೂ ಏರುತ್ತಿರುವಾಗಲೇ 21ರಂದು ಅದನ್ನು ತೆಗೆದುಹಾಕಿತು. ನಮ್ಮಲ್ಲಿ ಅನೇಕರು ಹೆದರಿದೆವು. ಹಿಂದಿನ ವರ್ಷದ ಅನಾಹುತ ಮರುಕಳಿಸಲಿಲ್ಲ. ನಡುವೆ ವಯಸ್ಕರಲ್ಲಿ ಹೆಚ್ಚಿನವರು ಲಸಿಕೆ ಹಾಕಿಸಿಕೊಂಡಿದ್ದರು, ಆಸ್ಪತ್ರೆಗಳೂ ಅಷ್ಟಿಷ್ಟು ಸಿದ್ಧವಾಗಿದ್ದವು. ನೆಲ ನಿಜಕ್ಕೂ ಆರಿತ್ತು.

ಅದೇ ವರ್ಷ ಏಪ್ರಿಲ್ 10ರಂದು, ಗರಿಗಳ ಭಾನುವಾರ, ಮೆರವಣಿಗೆ ಮತ್ತೆ ಬೀದಿಗೆ ಬಂತು.