ತೆಳುಗವಚಗಳ ಕುಸಿತ: ಒಂದು ವಿರೋಧಾಭಾಸದ ಇತಿಹಾಸ

ಉರುಳೆಯಾಕಾರದ ಲೋಹಕವಚವು ತೀರ ತೆಳುವಲ್ಲದಿದ್ದರೆ, ಅಕ್ಷದ ನೇರಕ್ಕೆ ಅದುಮಿದಾಗ, ಸ್ಥಿತಿಸ್ಥಾಪಕತ್ವದ ಎಲ್ಲೆಯನ್ನು ದಾಟಿದ ಬಳಿಕವೇ ಸುಕ್ಕುಗಟ್ಟಿ ಕುಸಿಯುತ್ತದೆ. ಆ ಕುಸಿತದ ಹೊರೆಯನ್ನು ಮೊದಲೇ ಎಣಿಸುವ ಪ್ರಯತ್ನದಲ್ಲಿ ಎರಡು ಸಿದ್ಧಾಂತಗಳು ಎದುರುಬದುರಾದುವು. 1924ರಲ್ಲಿ ಹೆಂಕಿ ಮಂಡಿಸಿದ ವಿರೂಪಣ ಸಿದ್ಧಾಂತವು ಲೋಹದ ಅಂತಿಮ ಸ್ಥಿತಿಯನ್ನು ಮಾತ್ರ ನೋಡುತ್ತದೆ. ಪ್ರವಾಹ ಸಿದ್ಧಾಂತವಾದರೋ ಹೊರೆ ಏರಿಬಂದ ಹಾದಿಯನ್ನೂ ಲೆಕ್ಕಿಸುತ್ತದೆ. ಲೋಹದ ಸ್ವಭಾವಕ್ಕೆ ಎರಡನೆಯದೇ ಹೆಚ್ಚು ಒಪ್ಪುವಂಥದು. ವಿಚಿತ್ರವೆಂದರೆ, ಪ್ರಯೋಗಗಳು ಮೊದಲನೆಯದನ್ನೇ ಎತ್ತಿಹಿಡಿದುವು! 1953ರಲ್ಲಿ ಓನಾಟ್ ಮತ್ತು ಡ್ರಕರ್ ಕವಚವನ್ನಲ್ಲ, ಶಿಲುಬೆಯಾಕಾರದ ಅಡ್ಡಕೊಯ್ತವುಳ್ಳ ಕಂಬವನ್ನು ಪರಿಶೀಲಿಸಿ, ಆಕಾರದಲ್ಲಿ ಮೊದಲೇ ಇರುವ ಅತ್ಯಲ್ಪ ದೋಷವೂ ಪ್ರವಾಹ ಸಿದ್ಧಾಂತದ ಹೊರೆಯನ್ನು ಬಹಳವಾಗಿ ತಗ್ಗಿಸುವುದೆಂದು ತೋರಿಸಿದರು. ಕವಚಗಳಲ್ಲಿ ಗಂಟು ಅಷ್ಟು ಸುಲಭವಾಗಿ ಬಿಚ್ಚಲಿಲ್ಲ: 1962ರಲ್ಲಿ ಲೀ ಅಲ್ಯುಮಿನಿಯಂ ಕವಚಗಳನ್ನು ಅದುಮಿ ನೋಡಿದಾಗಲೂ ವಿರೂಪಣ ಸಿದ್ಧಾಂತದ ಎಣಿಕೆಯೇ ಪ್ರಯೋಗಕ್ಕೆ ಸಮೀಪವಾಗಿತ್ತು.