ಎಂಎಂಎ, ಕಿಕ್ ಬಾಕ್ಸಿಂಗ್‌ಗೆ ಮಗನನ್ನ ಕಳಿಸ್ತಿದ್ದೀರಾ? ಶಿಕಾರಿಪುರ, ಸೊರಬದವರು ಮೊದಲು ತಿಳಿಯಬೇಕಾದ ನಿಯಮಗಳಿವು

ಶಿಕಾರಿಪುರ / ಸೊರಬ: ಜಾತ್ರೆ ಕುಸ್ತಿ, ಕಬಡ್ಡಿ, ದೀಪಾವಳಿ ಕಳೆದ ಮೇಲೆ ಹೋರಿ ಹಬ್ಬ. ಮೈಗೆ ಮೈ ತಾಗುವ ಆಟ ಈ ಎರಡು ತಾಲೂಕಿಗೆ ಹೊಸತಲ್ಲ. ಈಗ ಮೊಬೈಲ್‌ನಲ್ಲಿ ಯುಎಫ್‌ಸಿ ನೋಡುವ ಹುಡುಗರಿಗೆ ಕರಾಟೆ ಸಾಕಾಗುತ್ತಿಲ್ಲ. ಕಿಕ್ ಬಾಕ್ಸಿಂಗ್, ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್ (ಎಂಎಂಎ) ಕಡೆ ಮನಸ್ಸು ಹೊರಳುತ್ತಿದೆ. 2026ರ ಐಚಿ-ನಗೋಯಾ ಏಷ್ಯನ್ ಗೇಮ್ಸ್‌ಗೂ ಎಂಎಂಎ ಸೇರ್ಪಡೆಯಾಗಿರುವುದರಿಂದ ಈ ಹುಚ್ಚು ಇನ್ನಷ್ಟು ಹೆಚ್ಚಬಹುದು.

ಆಟ ಆಡಲಿ, ತಪ್ಪೇನಿಲ್ಲ. ಆದರೆ ಕರ್ನಾಟಕದಲ್ಲಿ ಎಂಎಂಎ ಪಂದ್ಯಕ್ಕೆಂದೇ ಲೈಸೆನ್ಸ್ ಕೊಟ್ಟು, ಡಾಕ್ಟರ್ ಇದ್ದಾರಾ ಅಂತ ಪರೀಕ್ಷಿಸುವ ಕಾನೂನುಬದ್ಧ ಆಯೋಗ ಇಲ್ಲ. ಅಮೆರಿಕದ ನೆವಾಡಾದಂಥ ರಾಜ್ಯಗಳಲ್ಲಿ ಅಥ್ಲೆಟಿಕ್ ಕಮಿಷನ್ ಈ ಕೆಲಸ ಮಾಡುತ್ತದೆ. ಇಲ್ಲಿ ಅದು ಸಂಘಟಕರ ಮನಸ್ಸಿಗೆ ಬಿಟ್ಟಿದ್ದು. ಹಾಗಾಗಿ ಕೇಳಬೇಕಾದವರು ಆಡುವವರು ಮತ್ತು ಅವರ ಮನೆಯವರೇ.

ಬೆಂಗಳೂರಿನಲ್ಲಿ ಆಗಿದ್ದೇನು?

2022ರ ಜುಲೈನಲ್ಲಿ ಬೆಂಗಳೂರಿನ ಜ್ಞಾನಜ್ಯೋತಿ ನಗರದಲ್ಲಿ ಕೆ-1 ಕಿಕ್ ಬಾಕ್ಸಿಂಗ್ ಪಂದ್ಯಾವಳಿ ನಡೆದಿತ್ತು. ಕೆ-1 ಅಂದರೆ ಗುದ್ದು, ಒದೆ, ಮೊಣಕಾಲಿನ ಏಟು ಮೂರಕ್ಕೂ ಅವಕಾಶ ಇರುವ ಮಾದರಿ. ಮೈಸೂರಿನ ಯುವ ಪಟುವೊಬ್ಬರು ಎದುರಾಳಿಯ ಏಟಿಗೆ ರಿಂಗ್‌ನಲ್ಲೇ ಕುಸಿದರು. ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಜೀವ ಹೋಯಿತು. ಸ್ಥಳದಲ್ಲಿ ವೈದ್ಯಕೀಯ ಸಿಬ್ಬಂದಿ, ಆಕ್ಸಿಜನ್, ಸ್ಟ್ರೆಚರ್ ಯಾವುದೂ ಇರಲಿಲ್ಲ ಎಂಬುದು ಕುಟುಂಬದ ಆರೋಪವಾಗಿತ್ತು. ಪೊಲೀಸರು ನಿರ್ಲಕ್ಷ್ಯದಿಂದ ಸಾವು (ಐಪಿಸಿ 304ಎ) ಪ್ರಕರಣ ದಾಖಲಿಸಿದರು.

ಇದು ಆಗಿದ್ದು ನೂರಾರು ಆಸ್ಪತ್ರೆಗಳಿರುವ ಬೆಂಗಳೂರಿನಲ್ಲಿ. ಶಿಕಾರಿಪುರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ 50 ಕಿ.ಮೀ.ಗೂ ಹೆಚ್ಚು ದಾರಿ. ಸೊರಬದಿಂದ 80 ಕಿ.ಮೀ. ದಾಟುತ್ತದೆ. ಚಂದ್ರಗುತ್ತಿ ಕಡೆಯವರಿಗೆ ಇನ್ನೂ ದೂರ. ತಲೆಯೊಳಗೆ ರಕ್ತಸ್ರಾವ ಆದರೆ ಸ್ಕ್ಯಾನ್ ಮಾಡಿ, ಬೇಕಿದ್ದರೆ ಆಪರೇಷನ್ ಮಾಡುವ ಕಡೆಗೇ ಹೋಗಬೇಕು, ಅದೂ ಬೇಗ. ಗ್ಲೌಸ್ ಯಾವ ಕಂಪನಿದು ಅನ್ನೋದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಆಂಬುಲೆನ್ಸ್ ಎಲ್ಲಿ ನಿಂತಿದೆ? 108ಕ್ಕೆ ಆಮೇಲೆ ಫೋನ್ ಮಾಡ್ತೀವಿ ಅನ್ನೋದು ಉತ್ತರ ಅಲ್ಲ. ಗಾಡಿ ಪಂದ್ಯದ ಜಾಗದಲ್ಲೇ ಇರಬೇಕು. ಅದು ಒಬ್ಬ ಗಾಯಾಳುವನ್ನು ಕರೆದುಕೊಂಡು ಹೋದರೆ, ಇನ್ನೊಂದು ಬರುವ ತನಕ ಪಂದ್ಯ ನಿಲ್ಲಿಸಬೇಕು.

ಅಮೆಚೂರ್ ನಿಯಮವೇ ಬೇರೆ

ಟಿವಿಯಲ್ಲಿ ಕಾಣೋದು ವೃತ್ತಿಪರರ ಆಟ. 5 ನಿಮಿಷದ ಸುತ್ತು, ಸುಮಾರು 4 ಔನ್ಸ್‌ನ ತೆಳು ಗ್ಲೌಸ್, ಮೊಣಕೈ ಏಟಿಗೂ ಅವಕಾಶ. ಹವ್ಯಾಸಿಗಳಿಗೆ ಅದೇ ನಿಯಮ ಹಾಕಿದರೆ ಅದು ಅಮೆಚೂರ್ ಪಂದ್ಯವೇ ಅಲ್ಲ.

2012ರಲ್ಲಿ ಶುರುವಾದ ಅಂತರರಾಷ್ಟ್ರೀಯ ಎಂಎಂಎ ಫೆಡರೇಷನ್ (ಐಎಂಎಂಎಎಫ್) ಹವ್ಯಾಸಿಗಳಿಗಾಗಿ ಮಾಡಿರುವ ನಿಯಮದಲ್ಲಿ 3 ನಿಮಿಷದ 3 ಸುತ್ತು ಮಾತ್ರ. ಗ್ಲೌಸ್ ದಪ್ಪ. ಮೊಣಕಾಲಿನ ಕೆಳಗೆ ಶಿನ್ ಗಾರ್ಡ್, ಮೈಗೆ ರ‍್ಯಾಶ್ ಗಾರ್ಡ್, ಬಾಯಿಗೆ ಮೌತ್ ಗಾರ್ಡ್ ಕಡ್ಡಾಯ. ಮೊಣಕೈಯಿಂದ ಹೊಡೆಯುವಂತಿಲ್ಲ. ಮೊಣಕಾಲಿನಿಂದ ತಲೆಗೆ ಹೊಡೆಯುವಂತಿಲ್ಲ. ಹಿಮ್ಮಡಿ ಹಿಡಿದು ಮಂಡಿ ತಿರುಚುವ ಹೀಲ್ ಹುಕ್ ಪಟ್ಟು ನಿಷಿದ್ಧ, ಯಾಕೆಂದರೆ ನೋವು ಗೊತ್ತಾಗುವಷ್ಟರಲ್ಲಿ ಮಂಡಿಯ ಲಿಗಮೆಂಟ್ ಹರಿದಿರುತ್ತದೆ. ಸ್ಪರ್ಧಿಗಳು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ರಕ್ತ ಪರೀಕ್ಷೆಯ ವರದಿ ಕೊಡಬೇಕು. ಇದು ಅವಮಾನದ ವಿಷಯ ಅಲ್ಲ. ರಕ್ತ ಬರುವ ಆಟದಲ್ಲಿ ಇಬ್ಬರ ರಕ್ಷಣೆಗೂ ಬೇಕು.

ಚಿಕ್ಕ ಮಕ್ಕಳ ವಿಭಾಗದಲ್ಲಿ ತಲೆಗೆ ಏಟು ಕೊಡುವುದಕ್ಕೇ ಅವಕಾಶ ಇಲ್ಲ. ಹೈಸ್ಕೂಲ್ ಹುಡುಗನನ್ನು 'ಗಟ್ಟಿ ಇದಾನೆ' ಅಂತ ದೊಡ್ಡವರ ಜೊತೆ ಇಳಿಸಿದರೆ ಅಲ್ಲಿಂದ ಕರೆದುಕೊಂಡು ಬರೋದೇ ವಾಸಿ.

ಆಟ ನಿಲ್ಲಿಸುವ ನಿಯಮ ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. ಮೈಸೂರು ದಸರಾದ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಯೊಬ್ಬರ ತಲೆಯಿಂದ ರಕ್ತ ಚಿಮ್ಮುತ್ತಿದ್ದಂತೆ ಕಾಳಗ ಮುಗಿಯಿತು. ಎಂಎಂಎಯಲ್ಲಿ ಆ ಅಧಿಕಾರ ರೆಫರಿಗೆ. ಆಟಗಾರ ತನ್ನನ್ನು ತಾನು ಕಾಪಾಡಿಕೊಳ್ಳಲು ಆಗುತ್ತಿಲ್ಲ ಅನ್ನಿಸಿದ ಕೂಡಲೇ ಮಧ್ಯೆ ಹೋಗಬೇಕು. ಜನ ಶಿಳ್ಳೆ ಹೊಡೆದು 'ಬಿಡಿ, ಆಡ್ಲಿ' ಅಂದರೂ ಸರಿ.

ಎದ್ದು ಕೂತ, ಮಾತಾಡಿದ ಅಂತ ಬಿಡಬೇಡಿ

ತಲೆಗೆ ಏಟು ಬಿದ್ದು ಪ್ರಜ್ಞೆ ತಪ್ಪಿದವರು ಕೆಲವೊಮ್ಮೆ ಎದ್ದು, ನೀರು ಕುಡಿದು, ನಗುತ್ತಾ ಮಾತಾಡುತ್ತಾರೆ. ಅಷ್ಟರಲ್ಲೇ ತಲೆಬುರುಡೆ ಮತ್ತು ಮೆದುಳಿನ ಪೊರೆ ನಡುವೆ ರಕ್ತ ಶೇಖರವಾಗುತ್ತಿರಬಹುದು. ಒಂದೆರಡು ಗಂಟೆ ಬಿಟ್ಟು ಸ್ಥಿತಿ ಒಮ್ಮೆಲೇ ಕೆಡುತ್ತದೆ. ಜೋರಾಗುತ್ತಾ ಹೋಗುವ ತಲೆನೋವು, ಮೇಲಿಂದ ಮೇಲೆ ವಾಂತಿ, ಮಾತು ತೊದಲುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಎಬ್ಬಿಸಿದರೂ ಏಳದ ನಿದ್ದೆ. ಇದರಲ್ಲಿ ಒಂದು ಕಂಡರೂ ನೇರ ಆಸ್ಪತ್ರೆಗೆ.

ರಿಂಗ್‌ನಲ್ಲಿ ಬಿದ್ದವರನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತುವುದು ನಮ್ಮಲ್ಲಿ ಮಾಮೂಲು. ಕುತ್ತಿಗೆ ಮೂಳೆಗೆ ಪೆಟ್ಟಾಗಿದ್ದರೆ ಆ ಎತ್ತುವಿಕೆಯೇ ಶಾಶ್ವತ ಪಾರ್ಶ್ವವಾಯುವಿಗೆ ದಾರಿಯಾಗಬಹುದು. ತಲೆ, ಕುತ್ತಿಗೆ ಅಲುಗದಂತೆ ಹಿಡಿದು, ಉಸಿರಾಟ ನೋಡುತ್ತಾ, ಸ್ಟ್ರೆಚರ್‌ಗೆ ಕಾಯಬೇಕು. ಅರೆಪ್ರಜ್ಞೆಯಲ್ಲಿ ಇರುವವರಿಗೆ ಸೋಡಾ, ನೀರು ಕುಡಿಸಬಾರದು.

ತೂಕ ಇಳಿಸುವ ಹುಚ್ಚು

ಕೆಳಗಿನ ತೂಕದ ವಿಭಾಗದಲ್ಲಿ ಆಡೋಕೆ ಒಂದೆರಡು ದಿನ ನೀರು ಬಿಟ್ಟು, ಪ್ಲಾಸ್ಟಿಕ್ ಸೂಟ್ ಹಾಕಿ ಓಡಿ ಬೆವರಿಳಿಸುವುದು ಕುಸ್ತಿಯಿಂದಲೇ ಬಂದ ಚಾಳಿ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಒಂದೇ ತಿಂಗಳ ಆಸುಪಾಸಿನಲ್ಲಿ ಸತ್ತರು. 2015ರಲ್ಲಿ ಮನಿಲಾದಲ್ಲಿ ಪಂದ್ಯಕ್ಕೆ ಬಂದಿದ್ದ 21 ವರ್ಷದ ಚೀನಾದ ಎಂಎಂಎ ಆಟಗಾರ ಯಾಂಗ್ ಜಿಯಾನ್ ಬಿಂಗ್ ತೂಕ ಇಳಿಸುವಾಗಲೇ ಕುಸಿದು ತೀರಿಕೊಂಡರು. ಆ ಬಳಿಕ ಒನ್ ಚಾಂಪಿಯನ್‌ಶಿಪ್ ಸಂಸ್ಥೆ ನೀರು ಬಿಟ್ಟು ತೂಕ ಇಳಿಸುವುದನ್ನೇ ನಿಷೇಧಿಸಿತು. ಕೋಚ್ ಯಾರೇ ಇರಲಿ, 'ನಾಳೆಯೊಳಗೆ 4 ಕೆ.ಜಿ. ಇಳಿಸು' ಅಂದರೆ ಮನೆಯವರು ಬೇಡ ಅನ್ನಬೇಕು.

ಸಹಿ ಹಾಕಿದ ಫಾರಂಗೆ ಎಷ್ಟು ಬೆಲೆ?

'ಏನಾದರೂ ಆದರೆ ಸಂಘಟಕರು ಹೊಣೆಯಲ್ಲ' ಎಂಬ ಫಾರಂಗೆ ಸಹಿ ಹಾಕಿಸಿಕೊಳ್ಳುವುದು ರೂಢಿ. ಸಹಿ ಹಾಕಿದ ಮೇಲೆ ಮುಗೀತು ಅಂತ ಎರಡೂ ಕಡೆಯವರು ತಿಳಿದಿರುತ್ತಾರೆ. ಹಾಗೇನಿಲ್ಲ.

ಭಾರತೀಯ ನ್ಯಾಯ ಸಂಹಿತೆಯ 25ನೇ ಸೆಕ್ಷನ್ (ಹಳೆಯ ಐಪಿಸಿ 87) ಒಪ್ಪಿಗೆಯಿಂದ ಆಡುವ ಆಟದಲ್ಲಿ ಆದ ಗಾಯಕ್ಕೆ ರಕ್ಷಣೆ ಕೊಡುತ್ತದೆ. ಅದಕ್ಕೆ ಕಾನೂನೇ ಕೊಟ್ಟಿರುವ ಉದಾಹರಣೆ ಕತ್ತಿವರಸೆ. ಇಬ್ಬರು ಒಪ್ಪಿ, ಮೋಸವಿಲ್ಲದೆ ಆಡುವಾಗ ಒಬ್ಬರಿಗೆ ಗಾಯವಾದರೆ ಅಪರಾಧವಲ್ಲ. ಆದರೆ ಒಪ್ಪಿಗೆ ಕೊಟ್ಟವರಿಗೆ 18 ತುಂಬಿರಬೇಕು. ಸಾವು ಅಥವಾ ತೀವ್ರ ಗಾಯ ಆಗಬಹುದು ಅಂತ ಗೊತ್ತಿದ್ದೂ ಮಾಡಿದ್ದಕ್ಕೆ ಈ ರಕ್ಷಣೆ ಇಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 106ನೇ ಸೆಕ್ಷನ್ ಇದೆ. ಹಳೆಯ 304ಎ ಪ್ರಕಾರ ಗರಿಷ್ಠ 2 ವರ್ಷ ಇದ್ದ ಜೈಲು ಶಿಕ್ಷೆ, 2024ರ ಜುಲೈ 1ರಿಂದ 5 ವರ್ಷದವರೆಗೆ ಏರಿದೆ. ಡಾಕ್ಟರ್ ಇಲ್ಲದೆ ಪಂದ್ಯ ನಡೆಸಿದವರು ಫಾರಂ ತೋರಿಸಿ ತಪ್ಪಿಸಿಕೊಳ್ಳಬಹುದು ಅಂದುಕೊಂಡಿದ್ದರೆ, ಒಮ್ಮೆ ವಕೀಲರನ್ನು ಕೇಳುವುದು ಒಳ್ಳೆಯದು. ಊರಿನ ಯುವಕ ಸಂಘದವರಿಗೂ ಇದೇ ಮಾತು.

ನಾಕೌಟ್ ಆದವರು ಮತ್ತೆ ಯಾವಾಗ ಆಡಬೇಕು?

ಅಮೆಚೂರ್ ಬಾಕ್ಸಿಂಗ್‌ನಲ್ಲಿ ಬಹುಕಾಲದಿಂದ ಇರುವ ಲೆಕ್ಕ ಹೀಗಿದೆ: ತಲೆಗೆ ಏಟು ಬಿದ್ದು ನಾಕೌಟ್ ಆದರೆ ಕನಿಷ್ಠ 30 ದಿನ ವಿಶ್ರಾಂತಿ. 3 ತಿಂಗಳೊಳಗೆ ಎರಡು ಸಲ ಆದರೆ 90 ದಿನ. 12 ತಿಂಗಳಲ್ಲಿ ಮೂರು ಸಲ ಆದರೆ ಒಂದು ವರ್ಷ. ಪಂದ್ಯ ಮಾತ್ರ ಅಲ್ಲ, ಕ್ಲಾಸ್‌ನಲ್ಲಿ ನಡೆಯುವ ಸ್ಪಾರಿಂಗ್‌ಗೂ ಇದು ಅನ್ವಯ. ಮೊದಲ ಏಟಿನಿಂದ ಮೆದುಳು ಸುಧಾರಿಸಿಕೊಳ್ಳುವ ಮುನ್ನ ಬೀಳುವ ಎರಡನೇ ಏಟು ಚಿಕ್ಕದಾಗಿದ್ದರೂ ಮೆದುಳು ಊದಿಕೊಂಡು ಪ್ರಾಣಕ್ಕೆ ಅಪಾಯ ತರಬಹುದು, ಅದರಲ್ಲೂ ಹದಿಹರೆಯದವರಿಗೆ. ಅವಧಿ ಮುಗಿದ ಮೇಲೂ ವೈದ್ಯರ ಫಿಟ್‌ನೆಸ್ ಚೀಟಿ ಇಲ್ಲದೆ ರಿಂಗ್ ಹತ್ತುವಂತಿಲ್ಲ. ಯಾವ ದಿನ, ಯಾವ ಪಂದ್ಯದಲ್ಲಿ ಏಟು ಬಿತ್ತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಕೋಚ್ ಬದಲಾದರೂ ಅದು ಹುಡುಗನ ಜೊತೆಗಿರಲಿ.