ಗಸಗಸೆ ಕಾಯಿಯ ಹಾಲು

"ಈ ಮಾತ್ರೆ ಅಂಗಡೀಲಿ ಇಟ್ರೆ ನಾನು ಒಳಗೆ ಹೋಗ್ಬೇಕಾಗುತ್ತೆ ಸ್ವಾಮಿ" ಎಂದು ತಿಪಟೂರಿನ ಮೆಡಿಕಲ್ ಸ್ಟೋರಿನವರು ಚೀಟಿಯನ್ನು ಮಡಚಿ ನನ್ನ ಕೈಗೇ ವಾಪಸ್ ತುರುಕಿದರು. 1996ರ ಬೇಸಿಗೆ. ಚೀಟಿಯಲ್ಲಿದ್ದದ್ದು ಒಂದೇ ಸಾಲು: ಮಾರ್ಫಿನ್ 10 ಮಿಲಿಗ್ರಾಂ, ನಾಲ್ಕು ಗಂಟೆಗೊಮ್ಮೆ. ಅಪ್ಪನ ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಕೊಬ್ಬರಿ ಮಂಡಿಯಲ್ಲಿ ಮೂಟೆ ಎತ್ತಿ ತೂಗಿಸಿದ ಮನುಷ್ಯ, ಮಗ್ಗುಲು ಬದಲಿಸಬೇಕೆಂದರೆ ಹೊದಿಕೆಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದರು.

ಮರುದಿನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಬಂದೆ. ವಿಕ್ಟೋರಿಯ ಆಸ್ಪತ್ರೆಯ ಸುತ್ತಲಿನ ಅಂಗಡಿಗಳು, ಆಮೇಲೆ ಸುಲ್ತಾನ್‌ಪೇಟೆಯ ಹೋಲ್‌ಸೇಲ್ ಗಲ್ಲಿಗಳು. ಚೀಟಿ ಓದಿದ ಕೂಡಲೇ ಮುಖಗಳು ಬದಲಾಗುತ್ತಿದ್ದವು. ಒಬ್ಬರು ನನ್ನ ಮೊಣಕೈಯನ್ನೇ ನೋಡಿದರು, ಸೂಜಿ ಚುಚ್ಚಿದ ಗುರುತು ಹುಡುಕಿದರೋ ಏನೋ. ಕೊನೆಗೊಬ್ಬ ಮುದುಕರು, ಲೆಕ್ಕದ ಪುಸ್ತಕದಿಂದ ತಲೆ ಎತ್ತದೆಯೇ, "ಇದು ಅಂಗಡಿ ಮಾಲಲ್ಲಪ್ಪ. ಕ್ಯಾನ್ಸರ್ ಆಸ್ಪತ್ರೆ ಒಳಗಡೆ ಕೇಳು" ಎಂದರು.

ಇದೇನು ದೂರದ ದೇಶದ ಮದ್ದಲ್ಲ. ನಾವು ಹಬ್ಬಕ್ಕೆ ಪಾಯಸ ಮಾಡಿ, ಕುಡಿದು, ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೊಡೆಯುತ್ತೇವಲ್ಲ, ಅದೇ ಗಸಗಸೆಯ ಗಿಡ. ಕಾಯಿ ಹಸಿಯಿರುವಾಗ ಗೀರಿದರೆ ಒಸರುವ ಹಾಲು ಗಾಳಿಗೆ ಕಪ್ಪಾಗಿ ಅಫೀಮಾಗುತ್ತದೆ, ಅಫೀಮಿನಿಂದ ಮಾರ್ಫಿನ್. ರಚ್ಚೆ ಹಿಡಿದ ಮಗುವಿಗೆ ಸಾಸಿವೆ ಕಾಳಿನಷ್ಟು ಅಫೀಮು ನೆಕ್ಕಿಸುವುದು ನಮ್ಮ ಮುತ್ತಜ್ಜಿಗೆ ಮಾಮೂಲಿ ಮನೆಮದ್ದು. (ಎಷ್ಟು ಮಕ್ಕಳು ಆ ನಿದ್ದೆಯಿಂದ ಏಳಲಿಲ್ಲವೋ, ಅದನ್ನು ಯಾರೂ ಹೇಳುತ್ತಿರಲಿಲ್ಲ.) ಆಗ ಅಫೀಮಿನ ಅಂಗಡಿಗೆ ಸರ್ಕಾರವೇ ಲೈಸೆನ್ಸ್ ಕೊಟ್ಟು ಸುಂಕ ಎತ್ತುತ್ತಿತ್ತು. ಔಷಧಕ್ಕಲ್ಲದ ಮಾರಾಟವನ್ನು ಹತ್ತು ವರ್ಷದೊಳಗೆ ನಿಲ್ಲಿಸಬೇಕೆಂದು 1949ರಲ್ಲಿ ತೀರ್ಮಾನವಾಗಿ ಆ ಅಂಗಡಿಗಳು ಬಾಗಿಲು ಹಾಕಿದವು. ಹಾಕಿದ್ದು ಒಳ್ಳೆಯದೇ ಆಯಿತು.

ಕೆಟ್ಟದ್ದು ಆದದ್ದು ಆಮೇಲೆ. 1985ರ ಮಾದಕ ವಸ್ತು ಕಾಯ್ದೆ ಹೆರಾಯಿನ್ ಮಾರುವವರನ್ನು ಹಿಡಿಯಲು ಬಂತು. ಅದರಲ್ಲಿ ಹೆಚ್ಚಿನ ಅಪರಾಧಗಳಿಗೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷದ ಕಠಿಣ ಸಜೆ. ಔಷಧಕ್ಕೆ ವಿನಾಯಿತಿ ಇತ್ತು ನಿಜ. ಆದರೆ ಇಟ್ಟುಕೊಳ್ಳಲು ಒಂದು ಲೈಸೆನ್ಸ್, ತರಿಸಲು ಒಂದು, ಸಾಗಿಸಲು ಇನ್ನೊಂದು. ಒಂದು ಕೈಗೆ ಬರುವಷ್ಟರಲ್ಲಿ ಮೊದಲಿನದರ ಅವಧಿ ಮುಗಿದಿರುತ್ತಿತ್ತು. ಮಾರಿದರೆ ಸಿಗುವುದು ಪುಡಿಗಾಸು, ಲೆಕ್ಕ ತಪ್ಪಿದರೆ ಜೈಲು. ಯಾವ ಅಂಗಡಿಯವನು ಇಟ್ಟಾನು? ಕಾಯ್ದೆ ಬಂದ ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಬಾಯಿಂದ ಕೊಡುವ ಮಾರ್ಫಿನ್ನೇ ಸರಿ ಎಂದು ಲೋಕಕ್ಕೆಲ್ಲ ಹೇಳಿತು. ನಮ್ಮಲ್ಲಿ ಬಳಕೆ ಕುಸಿಯುತ್ತಲೇ ಹೋಗಿ 1997ರಲ್ಲಿ ಇಡೀ ದೇಶಕ್ಕೆ 18 ಕಿಲೋಗೆ ಇಳಿಯಿತು. ಹದಿನೆಂಟು ಕಿಲೋ ಕೊಬ್ಬರಿಯನ್ನು ಅಪ್ಪ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅತ್ತ ನೀಮಚ್, ಮಂದಸೌರ್‌ನ ಹೊಲಗಳಲ್ಲಿ ಸರ್ಕಾರದ ಲೈಸೆನ್ಸಿನಲ್ಲೇ ಗಸಗಸೆ ಬೆಳೆಯುತ್ತಿತ್ತು, ಗಾಜೀಪುರದ ಸರ್ಕಾರಿ ಕಾರ್ಖಾನೆಯಿಂದ ಅಫೀಮು ಹೊರದೇಶಗಳ ಔಷಧ ಕಂಪನಿಗಳಿಗೆ ಹೋಗುತ್ತಿತ್ತು.

ಮುದುಕರು ಹೇಳಿದ್ದು ಸರಿಯಾಗಿತ್ತು. ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಕೋಣೆ, ಅದರಲ್ಲಿ ಎರಡು ಬೀಗದ ಒಂದು ಬೀರು. ಫಾರ್ಮಸಿಯ ಮೇಡಂ ಮೊದಲು ಅಪ್ಪನ ಹೆಸರು, ಊರು, ನನ್ನ ಸಂಬಂಧ ಎಲ್ಲ ರಿಜಿಸ್ಟರಿಗೆ ಇಳಿಸಿಕೊಂಡರು. ಮಾತ್ರೆಗಳನ್ನು ಎರಡು ಸಲ ಎಣಿಸಿದರು. "ಖಾಲಿ ಸ್ಟ್ರಿಪ್ ಎಸೀಬೇಡಿ, ಮುಂದಿನ ಸಲ ತನ್ನಿ, ಲೆಕ್ಕ ಕೊಡಬೇಕು. ಭೇದಿ ಮಾತ್ರೆ ಜೊತೆಗೇ ಕೊಡಿ, ಇಲ್ದಿದ್ರೆ ಮಲ ಕಟ್ಟುತ್ತೆ. ರಾತ್ರಿ ಮಲಗೋವಾಗ ಎರಡು ಕೊಟ್ರೆ ನಡುರಾತ್ರಿ ಎಬ್ಬಿಸೋದು ಬೇಡ." ಮಾತ್ರೆ ಪುಟ್ಟದು, ಶರಟಿನ ಗುಂಡಿಗಿಂತ ಚಿಕ್ಕದು. ರೈಲಿನಲ್ಲಿ ಒಬ್ಬ ಪೊಲೀಸ್ ಹತ್ತಿದಾಗ ನಾನು ಯಾಕೋ ಜೇಬಿನ ಮೇಲೆ ಕೈ ಇಟ್ಟುಕೊಂಡಿದ್ದೆ.

ಮೂರನೆಯ ದಿನ ಅಪ್ಪ ಎದ್ದು ಕೂತು, ಈ ವಾರದ ಕೊಬ್ಬರಿ ಧಾರಣೆ ಎಷ್ಟು ಎಂದು ಕೇಳಿದರು. ಅಮ್ಮ ಒಳಗೆ ಹೋಗಿ ಅತ್ತಳು.

2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಮಾರ್ಫಿನ್ ಈಗ ಅಗತ್ಯ ಮಾದಕ ಔಷಧಗಳ ಪಟ್ಟಿಯಲ್ಲಿದೆ, ಮಾನ್ಯತೆ ಪಡೆದ ಆಸ್ಪತ್ರೆಗೆ ಹಲವು ಲೈಸೆನ್ಸುಗಳ ತಾಪತ್ರಯವಿಲ್ಲ. ಹೋದ ವರ್ಷ ಗೆಳೆಯನ ಹೆಂಡತಿಗೆ ಬೇಕಾಗಿ ತಿಪಟೂರಿನ ಅದೇ ಹಳೆಯ ಅಂಗಡಿಗೆ ಹೋದೆ. ಕಂಪ್ಯೂಟರ್ ಮುಂದೆ ಮಗ ಕೂತಿದ್ದ. ಹೆಸರು ಪೂರ್ತಿ ಹೇಳುವ ಮೊದಲೇ "ಅದೆಲ್ಲ ನಮ್ಮಲ್ಲಿ ಬರಲ್ಲ ಅಂಕಲ್" ಎಂದ. ಕಾಯ್ದೆ ಬದಲಾದದ್ದು ಅವನ ಕಿವಿಗೆ ಬಿದ್ದಿಲ್ಲ, ಅವರಪ್ಪನ ಭಯ ಮಾತ್ರ ಬಿದ್ದಿದೆ.

ಅಪ್ಪ ಆ ಬೇಸಿಗೆ ಮುಗಿದ ಆಷಾಢದಲ್ಲಿ ತೀರಿಕೊಂಡರು. 23 ಮಾತ್ರೆ ಉಳಿದಿತ್ತು. ಮನೆಯಲ್ಲಿಡಲು ಹೆದರಿಕೆ, ಎಸೆಯಲೂ ಹೆದರಿಕೆ. ಕಾರ್ಯ ಮುಗಿಸಿ, ಬೋಳಿಸಿದ ತಲೆಯಲ್ಲೇ ಬೆಂಗಳೂರಿಗೆ ಹೋಗಿ ಡಬ್ಬಿಯನ್ನು ಮೇಡಂ ಮುಂದಿಟ್ಟೆ. ರಿಜಿಸ್ಟರಿನಲ್ಲಿ ವಾಪಸ್ ಬಂದದ್ದನ್ನು ಬರೆಯುವ ಕಾಲಂ ಇರಲಿಲ್ಲ. ಅಪ್ಪನ ಹೆಸರಿನ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿಸಿ ನನ್ನಿಂದ ಸಹಿ ಹಾಕಿಸಿಕೊಂಡರು. ಆಮೇಲೆ, ಬಹಳ ಮೆಲ್ಲಗೆ, "ಖಾಲಿ ಸ್ಟ್ರಿಪ್ ತಂದಿದ್ದೀರಾ?" ಎಂದರು. ಅದನ್ನೆಲ್ಲ ಯಾರೋ ಅಪ್ಪನ ಹಾಸಿಗೆಯ ಜೊತೆ ಸುಟ್ಟುಬಿಟ್ಟಿದ್ದರು.